ಕಪ್ಪೆಗೂ ಕಾಯಿಲೆ ಉಂಟು. ದಯವಿಟ್ಟು ಉಪ್ಪು ಹಾಕಬೇಡಿ!

ಕಪ್ಪೆಗೆ ನೆಗಡಿ ಆಗಿದೆ ಅಂದರೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿರುವವರು ಲೋಟ ಕೆಳಗಿಟ್ಟು ನಗುತ್ತಾರೆ. ಹುಟ್ಟಿದಾಗಿನಿಂದ ನೀರಲ್ಲೇ ಬಿದ್ದಿರೋ ಪ್ರಾಣಿಗೆ ಥಂಡಿ ಎಂಥದ್ದು ಅನ್ನೋದು ಅವರ ವಾದ. ನಗಲಿ, ತಪ್ಪೇನಿಲ್ಲ. ಆದರೆ ಕಪ್ಪೆ ಸಾಕಿದ ಮನೆಯಲ್ಲಿ ಅದು ಊಟ ಬಿಟ್ಟು ಮೂಲೆ ಹಿಡಿದ ದಿನ ಯಾರೂ ನಗೋದಿಲ್ಲ.

ಕಪ್ಪೆ ಸಾಕೋ ಮನೆಗಳೂ ಇವೆಯಾ ಅಂತ ಹುಬ್ಬೇರಿಸಬೇಡಿ. ಇವೆ. ಬೆಂಗಳೂರಿನಂಥ ದೊಡ್ಡ ಊರಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಬಣ್ಣದ ಮೀನಿನ ತೊಟ್ಟಿ ಪಕ್ಕದಲ್ಲೇ ವಿದೇಶಿ ಕಪ್ಪೆಗಳೂ ಮಾರಾಟಕ್ಕೆ ಕೂತಿರುತ್ತವೆ. ಮೈಯಷ್ಟೇ ಅಗಲ ಬಾಯಿರೋ ದಕ್ಷಿಣ ಅಮೆರಿಕದ ಕೊಂಬುಗಪ್ಪೆಗೆ ವ್ಯಾಪಾರದಲ್ಲಿ ‘ಪ್ಯಾಕ್‌ಮನ್’ ಅಂತ ಹೆಸರು. 1980ರಲ್ಲಿ ಬಂದ ವಿಡಿಯೋ ಆಟವೊಂದರಲ್ಲಿ ಕಂಡಿದ್ದೆಲ್ಲ ನುಂಗಿಕೊಂಡು ಹೋಗೋ ಹಳದಿ ಗುಂಡಣ್ಣನ ಹೆಸರು ಅದು. ಆಫ್ರಿಕಾದ ಉಗುರುಗಪ್ಪೆಯ ಬಿಳಿ ತಳಿಯೂ ಮೀನಿನ ಅಂಗಡಿಗಳಲ್ಲಿ ಸಿಗುತ್ತೆ. ಇದು ದುಡ್ಡು ಕೊಟ್ಟು ತಂದವರ ಕಥೆ. ಇನ್ನು ದುಡ್ಡಿಲ್ಲದೆ ಬರೋರೂ ಇದ್ದಾರೆ. ಮಳೆಗಾಲ ಶುರುವಾದರೆ ಬಚ್ಚಲ ಗೋಡೆಗೆ ತಾನಾಗೇ ಬಂದು ಅಂಟಿಕೊಳ್ಳೋ ಮರಗಪ್ಪೆ, ತುಳಸಿಕಟ್ಟೆ ಬುಡದಲ್ಲಿ ಕೂರೋ ನೆಲಗಪ್ಪೆ. ಇವನ್ನು ಯಾರೂ ಸಾಕೋದಿಲ್ಲ. ಆದರೆ ಬೆಕ್ಕು ಕಚ್ಚಿ ಗಾಯ ಆಯ್ತೋ, ಮಕ್ಕಳು ಡಬ್ಬಿಗೆ ಹಾಕ್ಕೊಂಡು ಒಳಗೆ ತಂದೇ ತರ್ತಾರೆ.

ಆಮೇಲೆ ಶುರುವಾಗೋದು ಮನೆವೈದ್ಯ. ಇಂಥ ಮನೆಗಳಲ್ಲಿ ನಡೆಯೋದು ಹೆಚ್ಚುಕಮ್ಮಿ ಒಂದೇ ಥರ. ಮಗಳು ಅಂಗಡಿಗೆ ಫೋನ್ ಮಾಡಿ, ‘ಅಪ್ಪಾ, ಕಪ್ಪೆ ಮೂರು ದಿನದಿಂದ ಏನೂ ತಿಂದಿಲ್ಲ, ಬೇಗ ಬಾ’ ಅಂತಾಳೆ. ಗಿರಾಕಿ ಎದುರಿಗೆ ಅಪ್ಪ ಏನು ಹೇಳಬೇಕು? ‘ಸಾಯಂಕಾಲ ನೋಡೋಣ ಇರಮ್ಮ.’ ಅಷ್ಟರಲ್ಲಿ ಅಜ್ಜಿ ಅರಿಸಿನ ತೇದಾಗಿರುತ್ತೆ. ಪಕ್ಕದ ಮನೆಯವರು ತಮ್ಮ ಮೀನಿನ ತೊಟ್ಟಿ ಅನುಭವದ ಮೇಲೆ, ‘ನೀರಿಗೆ ಚಿಟಿಕೆ ಉಪ್ಪು ಹಾಕಿ, ಸರಿಹೋಗುತ್ತೆ’ ಅಂತಾರೆ. ಮೆಡಿಕಲ್ ಶಾಪಿನ ಹುಡುಗ ಯಾವುದೋ ಮುಲಾಮು ಕಟ್ಟಿಕೊಡ್ತಾನೆ. ಕೊನೆಗೆ ಮನೆ ಹಿರಿಯರ ತೀರ್ಪು: ‘ಅತ್ಲಾಗೆ ಕೆರೆಗೆ ಬಿಟ್ಟು ಬನ್ನಿ, ಬದುಕಿದರೆ ಬದುಕುತ್ತೆ.’

ನಾಲ್ಕೂ ಒಳ್ಳೇ ಮನಸ್ಸಿಂದ ಬಂದ ಮಾತೇ. ನಾಲ್ಕೂ ಕಪ್ಪೆಯ ಪ್ರಾಣಕ್ಕೆ ಕುತ್ತು. ಕೊನೇದಂತೂ ಆ ಒಂದು ಕಪ್ಪೆಗಷ್ಟೇ ಅಲ್ಲ, ಕೆರೆಯ ಕಪ್ಪೆಗಳಿಗೆಲ್ಲ ಕುತ್ತು.

ಚರ್ಮವೇ ಬಾಯಿ, ಚರ್ಮವೇ ಮೂಗು

ಯಾಕೆ ಅನ್ನೋದು ತಿಳೀಬೇಕಾದರೆ ಕಪ್ಪೆಯ ಚರ್ಮದ ವಿಷಯ ತಿಳೀಬೇಕು. ಕಪ್ಪೆ ಬಾಯಿಂದ ನೀರು ಕುಡಿಯೋದಿಲ್ಲ. ಹೊಟ್ಟೆಯ ಅಡಿಭಾಗದಲ್ಲಿ, ತೊಡೆ ಸಂದಿನ ಕಡೆ, ಚರ್ಮ ತೆಳ್ಳಗಿರೋ ಒಂದು ಜಾಗ ಇದೆ. ಒದ್ದೆ ನೆಲದ ಮೇಲೆ ಕೂತರೆ ಅಲ್ಲಿಂದ ನೀರು ಒಳಗೆ ಹೋಗುತ್ತೆ. ಶ್ವಾಸಕೋಶ ಇದ್ದರೂ ಉಸಿರಾಟದ ಒಂದು ಪಾಲು ಚರ್ಮದಿಂದಲೇ. ರಕ್ತದಲ್ಲಿ ಲವಣ ಎಷ್ಟಿರಬೇಕು ಅನ್ನೋ ಲೆಕ್ಕದಲ್ಲೂ ಚರ್ಮದ್ದೇ ದೊಡ್ಡ ಕೈ. ಮನುಷ್ಯನ ಚರ್ಮ ರೈನ್‌ಕೋಟ್ ಆದರೆ ಕಪ್ಪೆಯದು ಮಲ್ಲುಪಂಚೆ. ಮೇಲೆ ಬಿದ್ದದ್ದು ಒಳಗೆ ಇಳಿದೇ ಇಳಿಯುತ್ತೆ.

ಎಷ್ಟರಮಟ್ಟಿಗೆ ಅಂದರೆ, ಪ್ರಯೋಗಾಲಯದಲ್ಲಿ ಕಪ್ಪೆಗೆ ಅರಿವಳಿಕೆ ಕೊಡೋಕೆ ಸೂಜಿಯೇ ಬೇಡ. ಔಷಧ ಬೆರೆಸಿದ ನೀರಲ್ಲಿ ಕೂರಿಸಿದರೆ ಸಾಕು, ಸ್ವಲ್ಪ ಹೊತ್ತಿಗೆ ಪ್ರಜ್ಞೆ ತಪ್ಪುತ್ತೆ. ಬೆಂಜೊಕೇನ್ ಅನ್ನೋ ಮರಗಟ್ಟಿಸೋ ಔಷಧ ಇದೆ, ಮನುಷ್ಯರ ಹಲ್ಲುನೋವಿನ ಜೆಲ್‌ಗಳಲ್ಲಿ ಇರೋದು. ಇನ್ನು ಬದುಕೋದಿಲ್ಲ ಅನ್ನಿಸಿದ ಕಪ್ಪೆಗೆ ನೋವಿಲ್ಲದ ಸಾವು ಕೊಡಲು ಪಶುವೈದ್ಯರು ಬಳಸೋ ಔಷಧಗಳಲ್ಲಿ ಅದೂ ಒಂದು. ಈಗ ಹೇಳಿ, ನೋವು ಕಮ್ಮಿ ಮಾಡೋ ಮುಲಾಮನ್ನು ಬೆರಳ ತುದಿಯಲ್ಲಿ ತೆಗೆದು ಕಪ್ಪೆ ಬೆನ್ನಿಗೆ ಸವರಿದರೆ ಏನಾದೀತು? ಡೆಟಾಲ್, ಫಿನಾಯಿಲ್ ಮಾತಂತೂ ಎತ್ತಲೇಬೇಡಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮದ ಉಸಿರೇ ಕಟ್ಟುತ್ತೆ.

ಉಪ್ಪಿನ ವಿಷಯ ಬೇರೆಯೇ ಹೇಳಬೇಕು. ಬಚ್ಚಲಿಗೆ ಕಪ್ಪೆ ಬಂದರೆ ಒಂದು ಹಿಡಿ ಉಪ್ಪು ಎರಚೋದು ಎಷ್ಟೋ ಮನೆಗಳ ರೂಢಿ. ಉಪ್ಪಿನಕಾಯಿ ಜಾಡಿಯಲ್ಲಿ ಮಾವಿನಕಾಯಿ ಹೋಳಿಗೆ ಏನಾಗುತ್ತೋ ಅದೇ ಕಪ್ಪೆಗೂ ಆಗುತ್ತೆ. ಮೈಯ ನೀರೆಲ್ಲ ಹೊರಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಹೋಳಿಗೆ ಜೀವ ಇರುತ್ತೆ. ಓಡಿಸಲೇಬೇಕಾದರೆ ಮೇಲೆ ಒಂದು ಡಬ್ಬಿ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿ, ಹಿತ್ತಲಲ್ಲಿ ಬಿಟ್ಟು ಬನ್ನಿ. ಎರಡು ನಿಮಿಷದ ಕೆಲಸ. ನೀರು ತುಂಬಿ ಬಲೂನಿನಂತೆ ಊದಿಕೊಂಡ ಕಪ್ಪೆಗೆ ವೈದ್ಯರು ರಿಂಗರ್ಸ್ ದ್ರಾವಣ ಅನ್ನೋ ಲವಣದ ನೀರು ಬಳಸೋದುಂಟು, ನಿಜ. ಅದು ಗ್ರಾಂ ಲೆಕ್ಕದಲ್ಲಿ ತೂಗಿ ಮಾಡಿದ್ದು. ಅಡುಗೆಮನೆ ಡಬ್ಬಿಯ ಚಿಟಿಕೆ ಲೆಕ್ಕ ಅಲ್ಲ.

ಅರಿಸಿನದ ಮಾತು ಬಂದಾಗ ಇನ್ನೊಂದು ಹೇಳಬೇಕು. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ಮಳೆಗಾಗಿ ನಡೆದ ‘ಮಂಡೂಕ ಪರಿಣಯ’ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯ್ತು. ನಂಬಿಕೆ ಅವರವರದು, ಅದರ ತಂಟೆ ಇಲ್ಲಿ ಬೇಡ. ಆದರೆ ಇಂಥ ಮದುವೆ ಎಲ್ಲೇ ನಡೀಲಿ, ಗಂಡು ಹೆಣ್ಣಿಗೆ ಅರಿಸಿನ ಕುಂಕುಮ ಮೆತ್ತೋದು, ಬಿಸಿಲಲ್ಲಿ ಮೆರವಣಿಗೆ ಮಾಡೋದು ಬಿಟ್ಟರೆ ದಂಪತಿಗಳು ಪ್ರಥಮ ರಾತ್ರಿವರೆಗಾದರೂ ಉಳೀತಾರೆ.

ಆಸ್ಪತ್ರೆ ಅಂದರೆ ಒಂದು ಪ್ಲಾಸ್ಟಿಕ್ ಡಬ್ಬ

ಹಾಗಾದರೆ ಮಾಡೋದೇನು? ಮೊದಲು ಕಪ್ಪೆಯನ್ನು ಬೇರೆ ಇಡಬೇಕು. ದೊಡ್ಡ ಖರ್ಚಿಲ್ಲ. ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ನಾಲ್ಕಾರು ತೂತು. ಕೆಳಗೆ ಮಣ್ಣು, ಕಲ್ಲು ಯಾವುದೂ ಬೇಡ. ಬಣ್ಣವಿಲ್ಲದ, ವಾಸನೆಯಿಲ್ಲದ ಬಿಳಿ ಟಿಶ್ಯೂ ಕಾಗದ ಒದ್ದೆ ಮಾಡಿ ಹಾಸಿ. ಬಿಳಿ ಯಾಕೆ ಅಂದರೆ ಕಪ್ಪೆ ಕಕ್ಕ ಮಾಡಿತೋ ಇಲ್ಲವೋ, ರಕ್ತ ಬಿತ್ತೋ ಇಲ್ಲವೋ ಎಲ್ಲಾ ಕಾಣುತ್ತೆ. ದಿನಾ ಬದಲಾಯಿಸಬೇಕು. ಒಂದು ಮೂಲೇಲಿ ಬಟ್ಟಲಲ್ಲಿ ನೀರು, ಕಪ್ಪೆಯ ಗದ್ದ ಮುಳುಗದಷ್ಟು. ಸುಸ್ತಾದ ಕಪ್ಪೆ ಆಳದ ನೀರಲ್ಲಿ ಮುಳುಗಿ ಸಾಯುತ್ತೆ ಅಂದರೆ ನಂಬೋದು ಕಷ್ಟ, ಆದರೆ ಸಾಯುತ್ತೆ. ಅವಿತುಕೊಳ್ಳೋಕೆ ಏನಾದರೂ ಇರಲಿ, ಒಂದು ಪ್ಲಾಸ್ಟಿಕ್ ಬಟ್ಟಲನ್ನು ಅರ್ಧ ಕತ್ತರಿಸಿ ಬೋರಲು ಹಾಕಿದರೂ ನಡೆಯುತ್ತೆ. ಡಬ್ಬ ಬಿಸಿಲಿಗೆ ಬೇಡ, ಫ್ಯಾನ್ ಕೆಳಗೂ ಬೇಡ, ಟಿವಿ ಮೇಲಂತೂ ಬೇಡವೇ ಬೇಡ.

ನೀರಿನ ವಿಷಯದಲ್ಲೇ ಹೆಚ್ಚು ಜನ ಎಡವೋದು. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಒಳ್ಳೇದು, ಕಪ್ಪೆಗೆ ಉರಿ. ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ಒಂದು ದಿನಪೂರ್ತಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ. ಕ್ಲೋರಮೈನ್ ಹಾಕಿದ ನೀರಾದರೆ ಹಾಗೆ ಹಾರೋದಿಲ್ಲ. ಅದಕ್ಕೆ ಮೀನಿನ ಅಂಗಡಿಯಲ್ಲಿ ಸಿಗೋ, ಕ್ಲೋರಮೈನನ್ನೂ ತೆಗೆಯುತ್ತೆ ಅಂತ ಬರೆದಿರೋ ಔಷಧದ ಹನಿ ಬೇಕು. ಔಷಧ ಹೊಡೆದ ತೋಟದ ಪಕ್ಕದ ಬಾವಿ ನೀರು ಬೇಡ.

ಕಪ್ಪೆಯನ್ನು ಮುಟ್ಟೋದು ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು. ಮುಟ್ಟಲೇಬೇಕಾದರೆ ಕೈ ತೊಳೆದು, ಸೋಪಿನ ಅಂಶ ಒಂದಿಷ್ಟೂ ಉಳೀದಂತೆ ನೀರು ಹುಯ್ದು, ಕ್ಲೋರಿನ್ ಹೋದ ನೀರಲ್ಲಿ ಕೈ ಒದ್ದೆ ಮಾಡಿಕೊಂಡು ಹಿಡೀಬೇಕು. ಒಣಗೈಯ ಬೆವರಿನಲ್ಲೂ ಉಪ್ಪಿದೆ. ಮುಟ್ಟಿದ ಮೇಲೆ ಮತ್ತೆ ಸೋಪು ಹಾಕಿ ತೊಳೀಬೇಕು, ಇದು ನಿಮ್ಮ ಸಲುವಾಗಿ. ಕಪ್ಪೆ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು. ಅಮೆರಿಕದಲ್ಲಿ 2009ರಿಂದ 2011ರ ನಡುವೆ ಮನೆಯಲ್ಲಿ ಸಾಕಿದ ಆಫ್ರಿಕಾದ ಕುಳ್ಳಗಪ್ಪೆಗಳಿಂದ 200ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಹೆಚ್ಚಿನವರು ಚಿಕ್ಕ ಮಕ್ಕಳು. ಐದು ವರ್ಷದೊಳಗಿನ ಮಗು, ಬಸುರಿ ಹೆಂಗಸು, ವಯಸ್ಸಾದವರು ಕಪ್ಪೆ ಡಬ್ಬದಿಂದ ದೂರ ಇರಲಿ. ಆ ಡಬ್ಬ ಅಡುಗೆಮನೆ ಸಿಂಕಿನಲ್ಲಿ ತೊಳೆಯೋದು ಬೇಡ.

ಇನ್ನು ತೂಕ. ‘ಕಪ್ಪೆ ತೂಗಿದ ಹಾಗೆ’ ಅಂತ ಗಾದೆ ಮಾಡಿದ ಪುಣ್ಯಾತ್ಮ ಯಾರೋ ನಿಜವಾಗಿ ತೂಗಲು ಹೋಗಿದ್ದಿರಬೇಕು. ಆದರೆ ಕಾಯಿಲೆ ಕಪ್ಪೆಯನ್ನು ತೂಗಲೇಬೇಕು. ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಚ್ಚಳದ ಡಬ್ಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಪ್ಪೆ ಒಳಗೆ ಹಾಕಿ ಮುಚ್ಚಿ, ಗ್ರಾಂ ಓದಿ. ಎರಡು ದಿನಕ್ಕೊಮ್ಮೆ ಚೀಟಿಯಲ್ಲಿ ಬರೆದಿಡಿ. ಸಣ್ಣ ಕಪ್ಪೆಗೆ ದಿನಸಿ ತಕ್ಕಡಿ ಸಾಲದು, ಚಿನಿವಾರರ ತಕ್ಕಡಿ ಬೇಕು. ಊಟ ಬಿಟ್ಟಿದ್ದರೂ ತೂಕ ನಿಂತಿದ್ದರೆ ಇನ್ನೂ ಒಂದೆರಡು ದಿನ ನೋಡಬಹುದು. ವಾರದಿಂದ ವಾರಕ್ಕೆ ಇಳೀತಾ ಹೋದರೆ ಕಾಯೋ ಸಮಯ ಅಲ್ಲ.

ಊಟ ಅಂದರೆ ಅನ್ನ, ಬ್ರೆಡ್ಡು, ಬಿಸ್ಕತ್ತು ಅಲ್ಲ. ಕಪ್ಪೆ ಕಣ್ಣಿಗೆ ಅಲ್ಲಾಡೋದು ಮಾತ್ರ ಊಟ. ಎರೆಹುಳ, ಮಿಡತೆ, ಔಷಧ ಹೊಡೆಯದ ಜಾಗದ ಜಿರಳೆ. ಅಂದಹಾಗೆ ನುಂಗುವಾಗ ಕಪ್ಪೆ ಕಣ್ಣು ಮುಚ್ಚೋದು ರುಚಿಗಲ್ಲ. ಕಣ್ಣುಗುಡ್ಡೆ ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ತಳ್ಳುತ್ತೆ. ಬಾಯಿ ಬಿಡಿಸಿ ತುರುಕೋ ಸಾಹಸ ಮಾಡಬೇಡಿ, ದವಡೆ ಮುರಿಯುತ್ತೆ. ಒಂದೇ ಥರದ ಹುಳ ತಿಂದೂ ತಿಂದೂ ಕ್ಯಾಲ್ಸಿಯಂ ಕಮ್ಮಿಯಾದ ಕಪ್ಪೆಯ ಮೂಳೆ ಮೆತ್ತಗಾಗುತ್ತೆ, ದವಡೆ ಸೊಟ್ಟಗಾಗುತ್ತೆ, ಕಾಲು ನಡುಗುತ್ತೆ. ಅದಕ್ಕೇ ಸಾಕುವವರು ಹುಳಕ್ಕೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡೋದು. ಎಲೆ ಅಡಿಕೆ ಸುಣ್ಣ ಅಲ್ಲ ಮತ್ತೆ!

ಕಾಯಿಲೆಯಲ್ಲದ ಕಾಯಿಲೆ

ಎಷ್ಟೋ ಸಲ ಕಪ್ಪೆಗೆ ಏನೂ ಆಗಿರೋದಿಲ್ಲ, ಮನೆಯವರಿಗೆ ಆಗಿರುತ್ತೆ. ಇದ್ದಕ್ಕಿದ್ದ ಹಾಗೆ ಕಪ್ಪೆ ಬೆನ್ನು ಬಾಗಿಸಿ, ಆಕಳಿಸಿದಂತೆ ಬಾಯಿ ತೆರೆದು ಮುಚ್ಚಿ, ಕೈಯಿಂದ ತಲೆ ಒರೆಸಿಕೊಂಡು ಏನೋ ನುಂಗುತ್ತೆ. ‘ಫಿಟ್ಸ್ ಬಂತು’ ಅಂತ ಮನೆಯೆಲ್ಲ ಗಾಬರಿ. ಅದು ಹಳೇ ಚರ್ಮ ಕಳಚಿ ತಾನೇ ತಿನ್ನೋ ಕ್ರಮ. ಒಂದು ಚೂರೂ ಕಸ ಉಳಿಸೋದಿಲ್ಲ.

ಇನ್ನೊಂದು ಇದಕ್ಕಿಂತ ಅಪಾಯದ್ದು. ಡಬ್ಬ ಒಣಗಿದರೆ ಕೊಂಬುಗಪ್ಪೆ ಮೈಸುತ್ತ ಒಣ ಚರ್ಮದ ಗಟ್ಟಿ ಕವಚ ಕಟ್ಟಿಕೊಂಡು ಅಲ್ಲಾಡದೆ ಕೂತುಬಿಡುತ್ತೆ. ಅದರ ಊರಿನ ಬೇಸಿಗೆ ಕಳೆಯೋ ಉಪಾಯ ಅದು. ನೋಡಿದವರಿಗೆ ಸತ್ತ ಕಪ್ಪೆ. ಹೂಳೋದಕ್ಕೆ ಮುಂಚೆ ಗಂಟಲ ಕೆಳಗೆ ಸಣ್ಣಗೆ ಮಿಡಿತ ಇದೆಯಾ ನೋಡಿ. ಇದ್ದರೆ ಉಗುರುಬೆಚ್ಚಗೂ ಅಲ್ಲದ, ತಣ್ಣಗೂ ಅಲ್ಲದ ನೀರನ್ನು ಬಟ್ಟಲಲ್ಲಿ ಸ್ವಲ್ಪವೇ ಹಾಕಿ ಅದರಲ್ಲಿ ಕೂರಿಸಿ. ಕವಚ ಕೀಳಬೇಡಿ, ತಾನಾಗೇ ನೆಂದು ಬಿಡುತ್ತೆ.

ನಿಜವಾದ ಕಾಯಿಲೆ ಗುರುತು ಬೇರೆ. ತೊಡೆ, ಹೊಟ್ಟೆ ಅಡಿ ಕೆಂಪೇರಿದರೆ ಅದು ರಕ್ತಕ್ಕೆ ಸೋಂಕು ಇಳಿದಿರೋ ಲಕ್ಷಣ. ‘ಕೆಂಗಾಲು ರೋಗ’ ಅನ್ನಬಹುದು. ಕೊಳಕು ನೀರಲ್ಲಿ ಬೆಳೆಯೋ ಏರೊಮೊನಾಸ್‌ನಂಥ ಬ್ಯಾಕ್ಟೀರಿಯ ಇದಕ್ಕೆ ಹೆಚ್ಚಿನ ಸಲ ಕಾರಣ. ದಿನಗಟ್ಟಲೆ ಕಕ್ಕ ಇಲ್ಲದೆ ಹೊಟ್ಟೆ ಗಟ್ಟಿಯಾಗಿದ್ದರೆ ಹುಳದ ಜೊತೆ ಕಲ್ಲು ನುಂಗಿರಬಹುದು. ಬೋರಲು ಮಾಡಿದರೆ ಆರೋಗ್ಯದ ಕಪ್ಪೆ ಕ್ಷಣದಲ್ಲಿ ತಿರುಗಿಕೊಳ್ಳುತ್ತೆ. ತಿರುಗಲಾರದೆ ಬಿದ್ದಿದ್ದರೆ ಪರಿಸ್ಥಿತಿ ಕೈಮೀರುತ್ತಿದೆ. ಈ ಮೂರಕ್ಕೂ ಮನೆಯಲ್ಲಿ ಮದ್ದಿಲ್ಲ. ತಾಲ್ಲೂಕು ಪಶು ಆಸ್ಪತ್ರೆಗೆ ಕಪ್ಪೆ ಹಿಡ್ಕೊಂಡು ಹೋದರೆ ಎಮ್ಮೆ ತಂದವರು ಗುರಾಯಿಸಿ ನೋಡ್ತಾರೆ, ಅದಕ್ಕೆ ನಾಚಿಕೆ ಬೇಡ. ಅಲ್ಲಿನ ಡಾಕ್ಟರಿಗೆ ಕಪ್ಪೆ ಅಪರೂಪ ಇರಬಹುದು. ವಿದೇಶಿ ಸಾಕುಪ್ರಾಣಿ ನೋಡೋ ವೈದ್ಯರು ಯಾರು ಅಂತ ಅವರನ್ನೇ ಕೇಳಬಹುದು. ಹೋಗುವಾಗ ತೂಕದ ಚೀಟಿ, ಡಬ್ಬದಲ್ಲಿ ಬಿದ್ದ ಕಕ್ಕ, ಕುಡಿಸೋ ನೀರಿನ ಒಂದು ಶೀಸೆ ಜೊತೆಗಿರಲಿ. ಕಪ್ಪೆಗೆ ಔಷಧ ಕೊಡೋದು ಒಂದು ಥರದಲ್ಲಿ ಸುಲಭ: ಅಳೆದ ಹನಿಯನ್ನು ಬೆನ್ನ ಮೇಲೆ ಬಿಟ್ಟರೆ ಕೆಲವು ಔಷಧ ಒಳಗಿಳಿಯುತ್ತೆ. ಅಳತೆ ಮಾತ್ರ ಡಾಕ್ಟರದ್ದೇ ಆಗಿರಬೇಕು.

ಕೆರೆಗೆ ಬಿಡೋದು ಯಾಕೆ ಬೇಡ

ಈಗ ಹಿರಿಯರ ತೀರ್ಪಿಗೆ ಬರೋಣ. ಕಪ್ಪೆ ಚರ್ಮವನ್ನೇ ತಿನ್ನೋ ಒಂದು ಶಿಲೀಂಧ್ರ ಇದೆ, ಕೈಟ್ರಿಡ್ ಅಂತಾರೆ. 1999ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಅಷ್ಟರಲ್ಲಾಗಲೇ ಆಸ್ಟ್ರೇಲಿಯಾ, ಮಧ್ಯ ಅಮೆರಿಕದ ಹೊಳೆಗಳಲ್ಲಿ ಕಪ್ಪೆ ದನಿಯೇ ನಿಂತುಹೋಗಿತ್ತು. ಈ ರೋಗ ಹೇಗೆ ಕೊಲ್ಲುತ್ತೆ ಅನ್ನೋದು 2009ರಲ್ಲಿ ಆಸ್ಟ್ರೇಲಿಯಾದ ಹಸಿರು ಮರಗಪ್ಪೆಗಳ ಮೇಲೆ ನಡೆದ ಅಧ್ಯಯನದಿಂದ ಗೊತ್ತಾಯ್ತು. ಚರ್ಮ ಕೆಟ್ಟು ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿದುಹೋಗಿ ಕೊನೆಗೆ ಹೃದಯ ನಿಲ್ಲುತ್ತೆ. 2019ರಲ್ಲಿ ಪ್ರಕಟವಾದ ಒಂದು ಜಾಗತಿಕ ಲೆಕ್ಕದ ಪ್ರಕಾರ ಈ ರೋಗದಿಂದ ಸೊರಗಿದ ಉಭಯವಾಸಿ ಜಾತಿಗಳು ಕನಿಷ್ಠ 501. ಅವುಗಳಲ್ಲಿ 90 ನಾಮಾವಶೇಷ ಆಗಿರಬೇಕು ಅನ್ನೋ ಅಂದಾಜು.

ಅದು ಊರೂರು ಹರಡಿದ್ದು ಹೇಗೆ? ಮನುಷ್ಯರ ವ್ಯಾಪಾರದಿಂದ. 1930ರ ದಶಕದಿಂದ ಆಫ್ರಿಕಾದ ಉಗುರುಗಪ್ಪೆಯನ್ನು ಜಗತ್ತಿನ ಆಸ್ಪತ್ರೆಗಳಿಗೆ ಹಡಗಿನಲ್ಲಿ ಕಳಿಸುತ್ತಿದ್ದರು, ಹೆಂಗಸು ಬಸುರಿಯೋ ಅಲ್ಲವೋ ನೋಡೋಕೆ! ಮೂತ್ರದ ಅಂಶ ಚುಚ್ಚಿದರೆ ಹೆಣ್ಣುಗಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು, ಇಟ್ಟರೆ ಬಸುರಿ. ಆ ಕಪ್ಪೆ ತಾನು ಸಾಯದೆಯೇ ಈ ಶಿಲೀಂಧ್ರವನ್ನು ಮೈಮೇಲೆ ಹೊತ್ತು ತಿರುಗಬಲ್ಲದು. ರೋಗದ ಮೂಲ ಪೂರ್ವ ಏಷ್ಯಾದ ಕೊರಿಯಾ ಕಡೆ ಅಂತ 2018ರ ಸಂಶೋಧನೆ ಹೇಳಿತು. ಸಾಕೋ ಕಪ್ಪೆ, ತಿನ್ನೋ ಕಪ್ಪೆ, ಎಲ್ಲ ವ್ಯಾಪಾರದ ದಾರಿಯಲ್ಲೂ ಅದು ಪ್ರಯಾಣ ಮಾಡಿದೆ. ನಮ್ಮ ದೇಶವೂ ಒಂದು ಕಾಲಕ್ಕೆ ಕಪ್ಪೆ ಕಾಲನ್ನು ಸಾವಿರಾರು ಟನ್ ಲೆಕ್ಕದಲ್ಲಿ ಹೊರಗೆ ಕಳಿಸುತ್ತಿತ್ತು. 1987ರಲ್ಲಿ ಸರ್ಕಾರ ಆ ರಫ್ತು ನಿಲ್ಲಿಸಿತು.

ಪಶ್ಚಿಮ ಘಟ್ಟದ ಕಪ್ಪೆಗಳ ಮೈಮೇಲೂ ಕೈಟ್ರಿಡ್ ಗುರುತು ಸಿಕ್ಕಿದೆ. ಆದರೆ ಅಲ್ಲಿಯಂತೆ ಸಾಲುಸಾಲು ಸಾವು ಇಲ್ಲಿ ವರದಿಯಾಗಿಲ್ಲ. ಅಂಗಡಿಯಿಂದ ತಂದ ಹೊರದೇಶದ ಕಪ್ಪೆ ಯಾವ ಹೊಸ ತಳಿಯ ರೋಗ ಹೊತ್ತಿದೆ ಅನ್ನೋದು ಕಣ್ಣಿಗೆ ಕಾಣೋದಿಲ್ಲ. ಅದನ್ನು ಕೆರೆಗೆ ಬಿಟ್ಟರೆ ಕೆರೆ ನೀರು ಕಾಲುವೆಗೆ, ಕಾಲುವೆ ಹೊಳೆಗೆ. ಆ ಹೊಳೆ ತಲೆಯಲ್ಲಿ ಯಾರಿದ್ದಾರೆ ಗೊತ್ತಾ? ಝರಿ ಸದ್ದಿನಲ್ಲಿ ದನಿ ಕೇಳೋದಿಲ್ಲ ಅಂತ ಹಿಂಗಾಲು ಬೀಸಿ ಹೆಣ್ಣನ್ನು ಕರೆಯೋ ಕೊಟ್ಟಿಗೆಹಾರದ ಕುಣಿಯೋ ಕಪ್ಪೆ. ಇಟ್ಟ ಮೊಟ್ಟೆಗೆ ಕೈಯಾರೆ ಕೆಸರು ಮೆತ್ತೋ ಗಂಡು, 2014ರಲ್ಲಿ ‘ಕುಂಬಾರ’ ಅಂತಲೇ ವೈಜ್ಞಾನಿಕ ಹೆಸರು ಪಡೆದ ನಮ್ಮ ಮಲೆನಾಡಿನ ಇರುಳುಗಪ್ಪೆ. ಇವು ಈ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಹಾಗಾಗಿ ತಂದ ಕಪ್ಪೆ ಮನೆಯಲ್ಲೇ ಇರಬೇಕು, ಇಲ್ಲಾ ಕೊಟ್ಟ ಅಂಗಡಿಗೆ, ಸಾಕಬಲ್ಲ ಇನ್ನೊಬ್ಬರಿಗೆ ಹೋಗಬೇಕು. ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರೋ ವಿದೇಶಿ ಪ್ರಾಣಿಯಾದರೆ 2022ರ ತಿದ್ದುಪಡಿಯ ನಂತರ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಲೂ ಬೇಕು. ಬಚ್ಚಲಿಗೆ ಬಂದ ನಮ್ಮದೇ ಮರಗಪ್ಪೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಗಾಯ ಸಣ್ಣದಾದರೆ ಒಂದೆರಡು ದಿನ ಒದ್ದೆ ಡಬ್ಬದಲ್ಲಿಟ್ಟು, ಬೇರೆ ಯಾವ ಸಾಕುಗಪ್ಪೆಯ ಹತ್ತಿರವೂ ಸುಳಿಯಗೊಡದೆ, ಸಂಜೆ ಹೊತ್ತು ಹಿಡಿದ ಜಾಗದಲ್ಲೇ ಬಿಡಬೇಕು. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗೆ ಸೇರಿದ ಕಪ್ಪೆಯನ್ನು ಮುದ್ದಿಗೆ ಅಂತ ಇಟ್ಟುಕೊಂಡರೂ ಅಪರಾಧವೇ.

ಕೈಟ್ರಿಡ್‌ಗೆ ಮದ್ದೇ ಇಲ್ಲ ಅಂತಲ್ಲ. ಚರ್ಮಕ್ಕೆ ಹತ್ತಿ ಒತ್ತಿ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಪತ್ತೆ ಮಾಡುತ್ತಾರೆ. ಇಟ್ರಾಕೊನಜೋಲ್ ಅನ್ನೋ ಶಿಲೀಂಧ್ರನಾಶಕವನ್ನು ತೀರಾ ತೆಳ್ಳಗೆ ಕಲಸಿದ ನೀರಲ್ಲಿ ದಿನಕ್ಕೆ 5 ನಿಮಿಷದಂತೆ 11 ದಿನ ಕಪ್ಪೆಗೆ ಸ್ನಾನ, ಇದು ವೈದ್ಯರಲ್ಲಿ ಹೆಸರಾದ ಕ್ರಮ. ಹೆಚ್ಚಾದರೆ ಕಪ್ಪೆಗೇ ವಿಷ, ಗೊದಮೊಟ್ಟೆಗಂತೂ ಕೊಡಲೇಬಾರದು. ಆ 11 ದಿನವೂ ಡಬ್ಬ ದಿನಾ ತೊಳೀಬೇಕು. ತೊಳೆದ ನೀರು, ಹಾಸಿದ್ದ ಕಾಗದ ತೋಟದ ಬದುವಿಗೆ, ಚರಂಡಿಗೆ ಹಾಗೇ ಹೋಗಬಾರದು. ನೀರಿಗೆ ಬ್ಲೀಚಿಂಗ್ ಪೌಡರ್ ಕಲಸಿ ಕೆಲವು ಗಂಟೆ ಬಿಟ್ಟು ಕಕ್ಕಸಿಗೆ ಹುಯ್ಯಬೇಕು, ಕಾಗದ ಸುಡಬೇಕು. ತೊಳೆದ ಡಬ್ಬವನ್ನು ಸೀಗೆಪುಡಿ ವಾಸನೆಯೂ ಇಲ್ಲದಂತೆ ಜಾಲಿಸಿ, ಬಿಸಿಲಿಗೆ ಪೂರ್ತಿ ಒಣಗಿಸಿ, ಆಮೇಲೆ ಕಪ್ಪೆಯನ್ನು ಒಳಗೆ ಬಿಡಬೇಕು. ಹಾಗಾಗಿ ಡಬ್ಬ ಎರಡಿದ್ದರೆ ಅನುಕೂಲ.